ರೈಲಿಲ್ಲದ ಜಿಲ್ಲೆಯಿಂದ ಆಲ್ಪ್ಸ್ ರೈಲಿಗೆ: ಪಾಸ್ ಕೊಳ್ಳುವವರು ಮೊದಲು ಹಾಕಬೇಕಾದ ಲೆಕ್ಕ

ಕೊಡಗಿನಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಮಡಿಕೇರಿಯವರು ರೈಲು ಹತ್ತಬೇಕಾದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಮಂಗಳೂರನ್ನೋ ಕಣ್ಣೂರನ್ನೋ ಸೇರಬೇಕು. ಮೈಸೂರು–ಕುಶಾಲನಗರ ಮಾರ್ಗದ ಮಾತು ಮಾತ್ರ ವರ್ಷಗಳಿಂದ ಕಿವಿಗೆ ಬೀಳುತ್ತಲೇ ಇದೆ. ಆದ್ದರಿಂದ ಟಿಕೆಟ್, ಮೀಸಲಾತಿ, ಪಾಸ್ ಎಂಬ ವ್ಯವಹಾರಗಳಲ್ಲಿ ನಮಗೆ ರೂಢಿ ಕಡಿಮೆ, ಗೊತ್ತಿಲ್ಲದೆ ಹಣ ಕಳೆದುಕೊಳ್ಳುವ ಸಂಭವ ಹೆಚ್ಚು. ನಾನೂ ಮೊದಲ ಸಲ ಸ್ವಿಟ್ಜರ್ಲೆಂಡಿಗೆ ಹೊರಟಾಗ ಪಾಸ್ ಮಾರಿದ ಏಜೆಂಟರು ‘ಎಲ್ಲವೂ ಇದರಲ್ಲೇ ಸೇರಿದೆ’ ಎಂದದ್ದನ್ನು ನಂಬಿ, ಗ್ಲೇಸಿಯರ್ ಎಕ್ಸ್‌ಪ್ರೆಸ್ ಎಂಬ ಹೆಸರುವಾಸಿ ರೈಲು ಹೊರಡುವ ಪ್ಲಾಟ್‌ಫಾರ್ಮಿನಲ್ಲಿ ಆಸನದ ಚೀಟಿಯಿಲ್ಲದೆ ನಿಂತವನು. ಆ ದಿನ ಅದೇ ಹಳಿಯ ಮೇಲೆ ಹಿಂದಿನಿಂದ ಬಂದ ಸಾಮಾನ್ಯ ರೈಲನ್ನು ಹತ್ತಿ ಹೋದೆ; ಕಂಡದ್ದೆಲ್ಲ ಅದೇ ಬೆಟ್ಟ, ಅದೇ ಕಣಿವೆ, ಅದೇ ಸೇತುವೆ. ಈ ಬರಹದ ಬಹುಪಾಲು ಅಂದು ಕಲಿತ ಪಾಠವೇ: ಪಾಸಿನ ನಿಜವಾದ ಬೆಲೆ ಸಿಗುವುದು ಹೆಸರುವಾಸಿ ರೈಲುಗಳಲ್ಲಲ್ಲ, ಅವುಗಳ ಹಳಿಯ ಮೇಲೆಯೇ ಗಂಟೆಗೊಂದರಂತೆ ಓಡುವ ಹೆಸರಿಲ್ಲದ ರೈಲುಗಳಲ್ಲಿ.

ಯಾವ ಪಾಸ್?

ಪ್ರವಾಸ ಸ್ವಿಟ್ಜರ್ಲೆಂಡಿಗಷ್ಟೇ ಸೀಮಿತವಾಗಿದ್ದರೆ ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳುವುದು ಸರಿ. ಇದು ಆ ದೇಶದ ಹೊರಗೆ ವಾಸಿಸುವವರಿಗಾಗಿಯೇ ಇರುವಂಥದ್ದು. 3, 4, 6, 8 ಅಥವಾ 15 ದಿನಗಳಿಗೆ ಸಿಗುತ್ತದೆ. ರೈಲುಗಳ ಜೊತೆಗೆ ಹಳದಿ ಬಣ್ಣದ ಅಂಚೆ ಬಸ್ಸುಗಳು, ಸರೋವರಗಳ ಹಡಗುಗಳು, ಪಟ್ಟಣಗಳ ಟ್ರಾಮ್ ಮತ್ತು ಬಸ್ಸುಗಳು, ಐನೂರಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳ ಪ್ರವೇಶ, ಇವೆಲ್ಲ ಅದರಲ್ಲಿ ಬರುತ್ತವೆ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ದಿನಗಳು ಬೆನ್ನಿಂದ ಬೆನ್ನಿಗೆ ಸಾಗುತ್ತವೆ. ನೀವು ಹೋಟೆಲಿನಲ್ಲಿ ಮಲಗಿದ್ದರೂ ದಿನ ಕಳೆದಂತೆಯೇ. ಎರಡನೆಯದು ಫ್ಲೆಕ್ಸ್, ಒಂದು ತಿಂಗಳೊಳಗೆ ನಿಮಗೆ ಬೇಕಾದ ದಿನಗಳನ್ನು ಆರಿಸಿಕೊಳ್ಳಬಹುದು. ಅದರ ಬೆಲೆ ತುಸು ಹೆಚ್ಚು. ಅಲ್ಲದೆ ಪ್ರತಿ ಪ್ರಯಾಣದ ದಿನವನ್ನೂ ರೈಲು ಹತ್ತುವ ಮೊದಲೇ ಆನ್‌ಲೈನಿನಲ್ಲಿ ಚಾಲನೆಗೊಳಿಸಬೇಕು. ಮರೆತು ಹತ್ತಿದರೆ ಪಾಸ್ ಜೇಬಿನಲ್ಲಿದ್ದೂ ನೀವು ಟಿಕೆಟಿಲ್ಲದ ಪ್ರಯಾಣಿಕರೇ.

ಬೆಲೆಯಲ್ಲಿ ಒಂದು ಸ್ವಾರಸ್ಯವಿದೆ. 2024ರ ದರಪಟ್ಟಿಯಲ್ಲಿ ಎರಡನೆಯ ದರ್ಜೆಯ ವಯಸ್ಕರ ಪಾಸಿಗೆ 3 ದಿನಕ್ಕೆ 244 ಫ್ರಾಂಕ್, 4 ದಿನಕ್ಕೆ 295, 6 ದಿನಕ್ಕೆ 379, 8 ದಿನಕ್ಕೆ 419, 15 ದಿನಕ್ಕೆ 459 ಫ್ರಾಂಕ್ ಇತ್ತು. ಮೂರು ದಿನದ ಪಾಸಿನಲ್ಲಿ ದಿನವೊಂದಕ್ಕೆ 81 ಫ್ರಾಂಕ್ ಬಿದ್ದರೆ ಹದಿನೈದು ದಿನದ್ದರಲ್ಲಿ 31 ಮಾತ್ರ. ಎಂಟಕ್ಕೂ ಹದಿನೈದಕ್ಕೂ ನಡುವಿನ ಏಳು ದಿನಗಳ ಬೆಲೆ ಬರೀ 40 ಫ್ರಾಂಕ್. ದರಗಳು ವರ್ಷ ವರ್ಷ ಬದಲಾಗುವುದರಿಂದ ಕೊಳ್ಳುವ ದಿನದ ಪಟ್ಟಿಯನ್ನೇ ನೋಡಬೇಕು, ಆದರೆ ದಿನ ಹೆಚ್ಚಾದಂತೆ ದಿನದ ಬೆಲೆ ಇಳಿಯುವ ಈ ಏರುಪೇರನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಒಂಬತ್ತು ಹತ್ತು ದಿನ ಇರುವವರು ಎಂಟು ದಿನದ ಪಾಸಿನ ಜೊತೆಗೆ ಬಿಡಿ ಟಿಕೆಟ್ ಕೊಳ್ಳುವುದಕ್ಕಿಂತ ಹದಿನೈದು ದಿನದ್ದನ್ನೇ ಕೊಳ್ಳುವುದು ಮೇಲು. ಮಕ್ಕಳಿದ್ದರೆ ಫ್ಯಾಮಿಲಿ ಕಾರ್ಡನ್ನು ತಪ್ಪದೆ ಕೇಳಿ ಪಡೆಯಿರಿ. ತಾಯಿಯೋ ತಂದೆಯೋ ಪಾಸ್ ಹೊಂದಿದ್ದರೆ 6ರಿಂದ 16 ವರ್ಷದೊಳಗಿನ ಮಕ್ಕಳಿಗೆ ಅದರಿಂದ ಪ್ರಯಾಣ ಉಚಿತ. 25 ವರ್ಷದೊಳಗಿನವರಿಗೆ ಪಾಸಿನ ಬೆಲೆಯಲ್ಲೇ ರಿಯಾಯಿತಿ ಇದೆ.

ಪಾಸ್ ಎಲ್ಲರಿಗೂ ಲಾಭವಲ್ಲ ಎಂಬುದನ್ನೂ ಹೇಳಿಬಿಡಬೇಕು. ಒಂದೇ ಹಳ್ಳಿಯಲ್ಲಿ ಐದು ದಿನ ಉಳಿದು, ಸುತ್ತಲಿನ ಎತ್ತರದ ಶಿಖರಗಳಿಗೆ ಮಾತ್ರ ಹೋಗಿಬರುವವರಿಗೆ ಹಾಫ್ ಫೇರ್ ಕಾರ್ಡ್ ವಾಸಿ. 2024ರಲ್ಲಿ 120 ಫ್ರಾಂಕ್ ಇದ್ದ ಆ ಕಾರ್ಡು ಒಂದು ತಿಂಗಳ ಕಾಲ ಬಹುತೇಕ ಎಲ್ಲ ಟಿಕೆಟ್‌ಗಳನ್ನೂ ಅರ್ಧ ಬೆಲೆಗೆ ಇಳಿಸುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣಕ್ಕೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಪೂರ್ಣ ಪಾಸ್ ಇದ್ದವರಿಗೆ ಪಾಸ್ ನಡೆಯುವುದು ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ಹಳ್ಳಿಯವರೆಗೆ ಮಾತ್ರ, ಅಲ್ಲಿಂದ ಮೇಲಕ್ಕೆ ಶೇಕಡಾ 25ರ ರಿಯಾಯಿತಿ ಅಷ್ಟೆ, ಅದೇ ಹಾಫ್ ಫೇರ್ ಕಾರ್ಡಿನವರಿಗೆ ಶೇಕಡಾ 50. ದುಬಾರಿ ಪಾಸಿಗೆ ಕಡಿಮೆ ರಿಯಾಯಿತಿ ಎಂಬುದು ವಿಚಿತ್ರವೆನಿಸಿದರೂ ವ್ಯವಸ್ಥೆ ಇರುವುದು ಹಾಗೆಯೇ.

ಆಸ್ಟ್ರಿಯ, ಇಟಲಿ, ಫ್ರಾನ್ಸ್‌ಗಳನ್ನೂ ಸೇರಿಸಿಕೊಂಡು ಹೊರಟವರಿಗೆ 33 ದೇಶಗಳಲ್ಲಿ ನಡೆಯುವ ಯೂರೇಲ್ ಪಾಸ್ ಇದೆ. ಇಂಟರ್‌ರೇಲ್ ಎಂಬುದು ಯುರೋಪಿನ ನಿವಾಸಿಗಳದು, ಅದನ್ನು ಕೊಳ್ಳಬೇಡಿ. 1854ರಲ್ಲಿ ಪೂರ್ಣಗೊಂಡು ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆಸ್ಟ್ರಿಯದ ಸೆಮ್ಮರಿಂಗ್ ರೈಲು ಮಾರ್ಗವನ್ನು ನೋಡಬೇಕೆನ್ನುವವರಿಗೆ ಯೂರೇಲ್ ಬೇಕಾಗುತ್ತದೆ. ಪ್ರತಿ ಪ್ರಯಾಣವನ್ನೂ ಹತ್ತುವ ಮೊದಲು ಮೊಬೈಲ್ ಆ್ಯಪಿನಲ್ಲಿ ದಾಖಲಿಸುತ್ತಿರಬೇಕು. ಸ್ವಿಸ್ ಪಟ್ಟಣಗಳ ಟ್ರಾಮು, ವಸ್ತುಸಂಗ್ರಹಾಲಯಗಳು ಅದರಲ್ಲಿ ಸೇರಿಲ್ಲ.

ಯಾವಾಗ ಹೋಗುವುದು?

ಪ್ರವಾಸಿ ಕೈಪಿಡಿಗಳು ಬೇಸಿಗೆ ಎಂದು ಬರೆದು ಸುಮ್ಮನಾಗುತ್ತವೆ, ಆದರೆ ಕಾಫಿ ತೋಟದವರ ಪಂಚಾಂಗ ಬೇರೆ. ಡಿಸೆಂಬರಿನಿಂದ ಕೊಯ್ಲು ಮತ್ತು ಕಣದ ಕೆಲಸ, ಮಾರ್ಚಿಯಲ್ಲಿ ಹೂಮಳೆಯ ಕಾತರ, ಮುಂಗಾರಿಗೆ ಮೊದಲು ಮರ ಕಪಾತು ಮತ್ತು ಬೋರ್ಡೋ ಸಿಂಪಡಣೆ. ನನ್ನ ಮಟ್ಟಿಗೆ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಮುಗಿಸಿ ಹೊರಟು ತುಲಾ ಸಂಕ್ರಮಣದೊಳಗೆ ತಲಕಾವೇರಿಗೆ ಬಂದು ಸೇರುವ ಸೆಪ್ಟೆಂಬರಿನ ಅವಧಿಯೇ ಸರಿ. ಆಗ ಅಲ್ಲಿ ಬೇಸಿಗೆಯ ಜನಜಂಗುಳಿ ಕರಗಿರುತ್ತದೆ, ಎತ್ತರದ ಮಾರ್ಗಗಳೆಲ್ಲ ತೆರೆದಿರುತ್ತವೆ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡುವುದಿಲ್ಲ. ಆ ರೈಲನ್ನೇ ಮನಸ್ಸಿನಲ್ಲಿಟ್ಟುಕೊಂಡವರು ದೀಪಾವಳಿ ರಜೆಗೆ ಹೊಂದಿಸಿದರೆ ನಿರಾಶರಾಗುತ್ತಾರೆ. ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಹಾಕಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ, ಮತ್ತು ವೀಸಾ ಕೈಗೆ ಬಂದ ಮೇಲಷ್ಟೇ ಪಾಸ್ ಕೊಳ್ಳಿ.

ಪಾಸ್ ಬೇರೆ, ಆಸನ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ಸ್ವಿಟ್ಜರ್ಲೆಂಡಿನ ಸಾಮಾನ್ಯ ರೈಲುಗಳಿಗೆ ಮೀಸಲಾತಿಯ ಅಗತ್ಯವೇ ಇಲ್ಲ. ನಮ್ಮ ಊರಿನ ಬಸ್ಸಿನಂತೆ ಬಂದದ್ದನ್ನು ಹತ್ತಿ ಖಾಲಿ ಇರುವಲ್ಲಿ ಕೂರುವುದು, ಅಷ್ಟೆ. ಆದರೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಮತ್ತು ಬರ್ನಿನಾ ಎಕ್ಸ್‌ಪ್ರೆಸ್ ಎಂಬ ಎರಡು ವಿಹಂಗಮ ರೈಲುಗಳಿಗೆ ಆಸನದ ಮೀಸಲಾತಿ ಕಡ್ಡಾಯ, ಮತ್ತು ಅದರ ಶುಲ್ಕ ಪಾಸಿನಲ್ಲಿ ಸೇರಿಲ್ಲ. ಪಾಸ್ ತೀರಿಸುವುದು ಪ್ರಯಾಣದ ದರವನ್ನು ಮಾತ್ರ. ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿನ ಪೂರ್ಣ ದೂರಕ್ಕೆ ಈ ಶುಲ್ಕ 50 ಫ್ರಾಂಕಿನ ಆಸುಪಾಸು. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಲುಟ್ಸರ್ನ್‌ನಿಂದ ಹಡಗಿನಲ್ಲಿ ಹೊರಟು ಮುಂದೆ ರೈಲಿನಲ್ಲಿ ಸಾಗುವ ಗಾಟ್ಹಾರ್ಡ್ ಪನೋರಮಾ ಎಕ್ಸ್‌ಪ್ರೆಸ್ಸಿನಲ್ಲಿ ಮೊದಲ ದರ್ಜೆಯ ಬೋಗಿಗಳಷ್ಟೇ ಇರುವುದರಿಂದ, ಎರಡನೆಯ ದರ್ಜೆಯ ಪಾಸಿನವರು ದರ್ಜೆಯ ವ್ಯತ್ಯಾಸವನ್ನೂ ಕಟ್ಟಬೇಕಾಗುತ್ತದೆ. ಲುಟ್ಸರ್ನ್–ಇಂಟರ್‌ಲಾಕನ್ ಎಕ್ಸ್‌ಪ್ರೆಸ್ಸಿಗೆ ಇಂಥ ತೊಡಕಿಲ್ಲ. ಪಾಸ್ ತೋರಿಸಿದರೆ ಸಾಕು, ಬ್ರ್ಯೂನಿಗ್ ಕಣಿವೆಮಾರ್ಗವನ್ನು ದಾಟಿಸಿ ಸರೋವರದಿಂದ ಸರೋವರಕ್ಕೆ ಒಯ್ಯುತ್ತದೆ.

ಗ್ಲೇಸಿಯರ್ ಎಕ್ಸ್‌ಪ್ರೆಸ್ 1930ರಿಂದ ಓಡುತ್ತಿದೆ. ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ವರೆಗೆ 291 ಸೇತುವೆ ಮತ್ತು 91 ಸುರಂಗಗಳನ್ನು ದಾಟಲು ಅದಕ್ಕೆ ಎಂಟು ಗಂಟೆ ಹಿಡಿಯುತ್ತದೆ. ಎಂಟು ಗಂಟೆ ಒಂದೇ ಆಸನದಲ್ಲಿ ಕೂರುವುದು ವಯಸ್ಸಾದವರಿಗೆ ಸುಲಭವಲ್ಲ, ಗಾಜು ತೆರೆಯುವುದೂ ಇಲ್ಲ. ಅದೇ ಹಾದಿಯನ್ನು ವಿಸ್ಪ್, ಆಂಡರ್‌ಮಾಟ್, ಡಿಸೆಂಟಿಸ್ ಮತ್ತು ಕೂರ್‌ಗಳಲ್ಲಿ ರೈಲು ಬದಲಿಸುತ್ತ ಪಾಸಿನ ಮೇಲೆಯೇ ಕ್ರಮಿಸಬಹುದು. ಆಂಡರ್‌ಮಾಟ್‌ನಲ್ಲಿಳಿದು ಊಟ ಮಾಡಿ, ಕಾಲಾಡಿಸಿ, ಮುಂದಿನ ರೈಲಿಗೆ 2,033 ಮೀಟರಿನ ಓಬರ್‌ಆಲ್ಪ್ ಕಣಿವೆಮಾರ್ಗವನ್ನು ಏರಿದರೆ ದಿನವೂ ಹಗುರ, ಜೇಬೂ ಹಗುರವಾಗುವುದಿಲ್ಲ.

ನಾನಾದರೆ ಒಂದೇ ದಾರಿ ಆರಿಸಿಕೊಳ್ಳಿ ಎಂದರೆ ಆರಿಸುವುದು ಕೂರ್‌ನಿಂದ ಇಟಲಿಯ ತಿರಾನೊಗೆ ಇಳಿಯುವ ಆಲ್ಬುಲಾ–ಬರ್ನಿನಾ ಮಾರ್ಗವನ್ನು. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ದಾರಿಯಲ್ಲಿ 55 ಸುರಂಗಗಳೂ 196 ಸೇತುವೆಗಳೂ ಇವೆ. ಬರ್ನಿನಾ ಎಕ್ಸ್‌ಪ್ರೆಸ್ಸಿನ ಹಂಗಿಲ್ಲದೆ ಹೋಗುವ ಕ್ರಮ ಹೀಗೆ: ಕೂರ್‌ನಲ್ಲಿ ಸೇಂಟ್ ಮೊರಿಟ್ಸ್ ಕಡೆಗೆ ಗಂಟೆಗೊಂದರಂತೆ ಹೊರಡುವ ರೈಲನ್ನು ಬೆಳಿಗ್ಗೆಯೇ ಹತ್ತಿರಿ, ಸುಮಾರು ಎರಡು ಗಂಟೆಯ ಬಳಿಕ ಸೇಂಟ್ ಮೊರಿಟ್ಸ್‌ನಲ್ಲಿ ತಿರಾನೊ ಕಡೆಯ ಪ್ರಾದೇಶಿಕ ರೈಲಿಗೆ ಬದಲಿಸಿ, ಅಲ್ಲಿಂದ ತಿರಾನೊಗೆ ಇನ್ನೆರಡೂವರೆ ಗಂಟೆಯಷ್ಟು. ತಿರಾನೊ ಇಟಲಿಯಲ್ಲಿದ್ದರೂ ಈ ಮಾರ್ಗದಲ್ಲಿ ಸ್ವಿಸ್ ಪಾಸ್ ಕೊನೆಯ ನಿಲ್ದಾಣದವರೆಗೂ ನಡೆಯುತ್ತದೆ. ಪಾಸ್‌ಪೋರ್ಟನ್ನು ಮಾತ್ರ ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಮೊದಲ ಘಟ್ಟದಲ್ಲಿ ಕಣ್ಣಿಡಬೇಕಾದದ್ದು ಲಾಂಡ್‌ವಾಸರ್ ಸೇತುವೆ. 65 ಮೀಟರ್ ಎತ್ತರದ, ಆರು ಕಮಾನುಗಳ ಈ ಕಲ್ಲುಸೇತುವೆ ಬಾಗುತ್ತ ಹೋಗಿ ನೇರವಾಗಿ ಕಡಿದಾದ ಬಂಡೆಗೋಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಅರೆನಿಮಿಷದ ಆಟ, ಮೊಬೈಲ್ ಹುಡುಕುವಷ್ಟರಲ್ಲಿ ಮುಗಿದುಹೋಗುತ್ತದೆ. ಫಿಲಿಸುರ್ ನಿಲ್ದಾಣಕ್ಕೆ ಸ್ವಲ್ಪ ಮೊದಲೇ ಸಿದ್ಧರಾಗಿರಿ. ಆಮೇಲೆ ಬೆರ್ಗ್ಯೂನ್‌ನಿಂದ ಪ್ರೇಡಾವರೆಗೆ 400 ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕಾಗಿರುವುದರಿಂದ ಹಳಿಯು ಬೆಟ್ಟದೊಳಗೂ ಹೊರಗೂ ಸುರುಳಿ ಸುತ್ತುತ್ತದೆ, ಬೆರ್ಗ್ಯೂನ್ ಊರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಪ್ರತಿಸಲವೂ ಇನ್ನಷ್ಟು ಕೆಳಗೆ ಕಾಣಿಸುತ್ತದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬೆಳೆದ ನಮಗೆ ಇದರ ತರ್ಕ ಕೂಡಲೇ ಅರ್ಥವಾಗುತ್ತದೆ, ರೈಲಿಗೂ ಇದು ಸಾಧ್ಯವೇ ಎಂಬುದಷ್ಟೇ ಬೆರಗು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲಿನಲ್ಲಿ ಹೋದವರಿಗೆ ಒಂದು ಹೋಲಿಕೆ: 57 ಸುರಂಗಗಳ ಆ ಮಾರ್ಗದ ಏರು 50 ಮೀಟರಿಗೆ ಒಂದು ಮೀಟರ್, ಬರ್ನಿನಾ ಮಾರ್ಗದ ಕಡಿದಾದ ಜಾಗಗಳಲ್ಲಿ ಅದು ನೂರಕ್ಕೆ ಏಳು, ಅಂದರೆ ಸುಮಾರು 14 ಮೀಟರಿಗೆ ಒಂದು. ಅದೂ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಲ್ಲುಹಳಿಯ ನೆರವಿಲ್ಲದೆ, ಬರಿಯ ಗಾಲಿಯ ಹಿಡಿತದಿಂದ.

ಸೇಂಟ್ ಮೊರಿಟ್ಸ್ ನಿಲ್ದಾಣವಿರುವುದೇ 1,775 ಮೀಟರಿನಲ್ಲಿ. ನಮ್ಮ ತಡಿಯಂಡಮೋಳ್ ತುದಿಗಿಂತ ಎತ್ತರ. ಅಲ್ಲಿಂದ ಇನ್ನೂ ಏರಿ 2,253 ಮೀಟರಿನ ಓಸ್ಪಿಜಿಯೊ ಬರ್ನಿನಾ ನಿಲ್ದಾಣ ಮುಟ್ಟುವ ಹೊತ್ತಿಗೆ ಮರಗಳು ಹಿಂದೆ ಉಳಿದು ಕಲ್ಲು, ಹುಲ್ಲು, ನೀರು ಮಾತ್ರ ಇರುತ್ತವೆ. ಇಲ್ಲಿ ಇಳಿಯಿರಿ. ಪಾಸ್ ಇರುವವರಿಗೆ ಇಳಿದು ಹತ್ತುವುದಕ್ಕೆ ಖರ್ಚಿಲ್ಲ, ಮುಂದಿನ ರೈಲು ಒಂದು ಗಂಟೆಗೆ ಬರುತ್ತದೆ. ಅಕ್ಕಪಕ್ಕದಲ್ಲೇ ಎರಡು ಕೆರೆಗಳಿವೆ: ಕಪ್ಪಗಿನ ಲೇ ನೈರ್ ಮತ್ತು ಹಿಮನದಿ ಅರೆದ ಕಲ್ಲಿನ ಹಿಟ್ಟಿನಿಂದ ಹಾಲು ಬೆರೆಸಿದಂತಿರುವ ಲಾಗೊ ಬಿಯಾಂಕೊ. ಮೊದಲನೆಯದರ ನೀರು ಇನ್ ನದಿ ಸೇರಿ ಡ್ಯಾನ್ಯೂಬ್ ಮೂಲಕ ಕಪ್ಪುಸಮುದ್ರಕ್ಕೆ ಹೋಗುತ್ತದೆ, ಎರಡನೆಯದರದ್ದು ಇಟಲಿಯ ಕಡೆ ಇಳಿದು ಏಡ್ರಿಯಾಟಿಕ್ ಸಮುದ್ರಕ್ಕೆ. ಕಾವೇರಿಯನ್ನು ಪೂರ್ವಕ್ಕೂ ಬಾರಪೊಳೆಯನ್ನು ಪಶ್ಚಿಮಕ್ಕೂ ಕಳಿಸುವ ನಾಡಿನವರಿಗೆ ಆ ದಿಬ್ಬದ ಮೇಲೆ ನಿಂತಾಗ ಪರಿಚಯದ ಜಾಗಕ್ಕೆ ಬಂದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಸೆಪ್ಟೆಂಬರಿನಲ್ಲೂ ಗಾಳಿ ಚಳಿಯಾಗಿರುತ್ತದೆ, ಸ್ವೆಟರ್ ಕೈಚೀಲದಲ್ಲಿರಲಿ.

ಮುಂದಿನ ನಿಲ್ದಾಣ ಆಲ್ಪ್ ಗ್ರ್ಯೂಮ್‌ನಿಂದ ಎದುರಿಗೆ ಪಾಲ್ಯು ಹಿಮನದಿ ಕಾಣುತ್ತದೆ. ಅಲ್ಲಿಂದ ರೈಲು 429 ಮೀಟರಿನ ತಿರಾನೊವರೆಗೆ ಒಂದೇ ಸಮನೆ ಇಳಿಯುತ್ತದೆ, ಮಂಜುಗಡ್ಡೆಯಿಂದ ದ್ರಾಕ್ಷಿ ತೋಟಕ್ಕೆ ಎರಡು ಗಂಟೆಯೊಳಗೆ. ಬ್ರೂಸಿಯೊದಲ್ಲಿ ಇಳಿಜಾರು ತೀರಾ ಕಡಿದಾದ್ದರಿಂದ ಹಳಿಯನ್ನು ಒಂಬತ್ತು ಕಮಾನಿನ ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಸುತ್ತಿಸಿದ್ದಾರೆ; ಕಿಟಕಿಯಿಂದ ನೋಡಿದರೆ ನಿಮ್ಮದೇ ರೈಲಿನ ಬಾಲ ನೀವು ಈಗಷ್ಟೇ ಬಿಟ್ಟ ಹಳಿಯ ಮೇಲಿರುತ್ತದೆ. ಪ್ರಾದೇಶಿಕ ರೈಲಿನ ಹಳೆಯ ಬೋಗಿಗಳಲ್ಲಿ ಕಿಟಕಿ ಕೆಳಗೆ ಸರಿಸಬಹುದು, ಫೋಟೊದಲ್ಲಿ ಗಾಜಿನ ಪ್ರತಿಫಲನ ಬೀಳುವುದಿಲ್ಲ. ವಿಹಂಗಮ ರೈಲಿನವರಿಗೆ ಈ ಭಾಗ್ಯವಿಲ್ಲ. ಒಂದೇ ಎಚ್ಚರಿಕೆ, ತಿರಾನೊದಲ್ಲಿ ಪೀಟ್ಸಾದ ರುಚಿಗೆ ಕುಳಿತುಬಿಟ್ಟರೆ ಕೂರ್‌ಗೆ ಮರಳಲು ಮತ್ತೆ ಐದು ಗಂಟೆ ಬೇಕು. ಹಿಂದಿರುಗುವ ರೈಲಿನ ಸಮಯವನ್ನು ಇಳಿದ ಕೂಡಲೇ ನೋಡಿಕೊಳ್ಳಿ.

ಪಾಸಿನಲ್ಲೇ ಬರುವ ಬೆಟ್ಟ

ಹೆಚ್ಚಿನ ಬೆಟ್ಟದ ರೈಲುಗಳಿಗೆ ಪಾಸಿನವರಿಗೆ ಅರ್ಧ ದರ. ಮ್ಯಾಟರ್‌ಹಾರ್ನ್ ಶಿಖರ ಕಾಣುವ ಗೋರ್ನರ್‌ಗ್ರಾಟ್, ಪ್ರಪಂಚದಲ್ಲೇ ಅತಿ ಕಡಿದಾದ ಹಲ್ಲುಹಳಿಯ ಪಿಲಾಟಸ್ ಎರಡೂ ಈ ಸಾಲಿನವು. ಆದರೆ ರಿಗಿ, ಸ್ಟಾನ್ಸರ್‌ಹಾರ್ನ್ ಮತ್ತು ಸ್ಟೂಸ್ ಬೆಟ್ಟಗಳು ಪಾಸಿನಲ್ಲೇ ಪೂರ್ತಿಯಾಗಿ ಬರುತ್ತವೆ. ಲುಟ್ಸರ್ನ್‌ನಲ್ಲಿ ಹಡಗು ಹತ್ತಿ ಫಿಟ್ಸ್‌ನಾವ್‌ನಲ್ಲಿಳಿದು, 1871ರಲ್ಲಿ ಯುರೋಪಿನ ಮೊದಲ ಬೆಟ್ಟದ ಹಲ್ಲುಹಳಿ ರೈಲಾಗಿ ಆರಂಭವಾದ ದಾರಿಯಲ್ಲಿ ರಿಗಿ ಏರಿ, ಇನ್ನೊಂದು ಬದಿಯ ಆರ್ಟ್–ಗೋಲ್ಡಾವ್‌ಗೆ ಇಳಿದು, ರೈಲಿನಲ್ಲಿ ಲುಟ್ಸರ್ನ್‌ಗೆ ಮರಳಿದರೆ ಇಡೀ ದಿನದಲ್ಲಿ ಟಿಕೆಟಿಗೆಂದು ಒಂದು ಫ್ರಾಂಕೂ ತೆರಬೇಕಾಗಿಲ್ಲ. ಈ ದಿನವನ್ನು ಮುಂಚಿತವಾಗಿ ನಿಗದಿ ಮಾಡಬೇಡಿ. ಬೆಳಿಗ್ಗೆ ಎದ್ದು ಶಿಖರದ ವೆಬ್‌ಕ್ಯಾಮ್ ನೋಡಿ. ಮೋಡ ಮುಸುಕಿದ್ದರೆ ವಸ್ತುಸಂಗ್ರಹಾಲಯಕ್ಕೋ, ಕೆಳಗಿನ ಸರೋವರಕ್ಕೋ ಹೋಗಿ, ಬಿಸಿಲಿದ್ದರೆ ಬೆಟ್ಟಕ್ಕೆ. ರಾಜಾಸೀಟಿಗೆ ಹೋಗಿ ಬರಿಯ ಮಂಜನ್ನು ಕಂಡು ಮರಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುವ ಸ್ವಾತಂತ್ರ್ಯಕ್ಕಾಗಿಯೇ ನಾನು ಪಾಸನ್ನು ಮೆಚ್ಚುವುದು.

ನಿಲ್ದಾಣದಲ್ಲಿ, ಬೋಗಿಯಲ್ಲಿ

1982ರಿಂದ ಆ ದೇಶದ ರೈಲುಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಹೊರಡುವ ವೇಳಾಪಟ್ಟಿಯನ್ನು ಅನುಸರಿಸುತ್ತಿವೆ. ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪಿನಲ್ಲಿ ಹೊರಡುವ ಊರು, ಸೇರುವ ಊರು ಹಾಕಿದರೆ ಪ್ಲಾಟ್‌ಫಾರ್ಮ್ ಸಂಖ್ಯೆಯ ಸಮೇತ ಎಲ್ಲವೂ ಬರುತ್ತದೆ. ರೈಲು ಬದಲಿಸಲು ಐದಾರು ನಿಮಿಷವಷ್ಟೇ ತೋರಿಸಿದರೆ ಗಾಬರಿಯಾಗಬೇಡಿ, ಎರಡೂ ರೈಲುಗಳನ್ನು ಒಂದಕ್ಕೊಂದು ಹೊಂದಿಸಿಯೇ ಬಿಟ್ಟಿರುತ್ತಾರೆ. ಹಿರಿಯರೂ ದೊಡ್ಡ ಸೂಟ್‌ಕೇಸುಗಳೂ ಜೊತೆಗಿದ್ದರೆ ಮಾತ್ರ ಒಂದು ರೈಲು ಬಿಟ್ಟು ಇನ್ನೊಂದನ್ನು ಹಿಡಿಯುವುದು ಜಾಣತನ. ಸಾಮಾನನ್ನು ನೀವೇ ಎತ್ತಿಕೊಳ್ಳಬೇಕು, ಕೂಲಿಯವರಿಲ್ಲ. ಹಾಗಾಗಿ ದಿನಕ್ಕೊಂದು ಊರು ಬದಲಿಸದೆ ಲುಟ್ಸರ್ನ್, ಇಂಟರ್‌ಲಾಕನ್, ಕೂರ್ ಎಂಬ ಮೂರೇ ಕಡೆ ಬಿಡಾರ ಮಾಡಿ, ಹಗಲೆಲ್ಲ ಬರಿಗೈಯಲ್ಲಿ ತಿರುಗುವುದು ಲೇಸು.

ಬೋಗಿಯ ಬಾಗಿಲ ಬಳಿ 1 ಅಥವಾ 2 ಎಂದು ದೊಡ್ಡದಾಗಿ ಬರೆದಿರುತ್ತದೆ. ಮೊದಲ ದರ್ಜೆಗೆ ಕಿಟಕಿಯ ಮೇಲೆ ಹಳದಿ ಪಟ್ಟಿ. ಎರಡನೆಯ ದರ್ಜೆ ಧಾರಾಳವಾಗಿ ಸಾಕು. ಪ್ಲಾಟ್‌ಫಾರ್ಮನ್ನು ಎ, ಬಿ, ಸಿ, ಡಿ ಎಂದು ವಿಭಾಗ ಮಾಡಿರುವುದನ್ನು ನಾನು ಮೊದಲು ಗಮನಿಸಿರಲಿಲ್ಲ, ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ಇಂಟರ್‌ಲಾಕನ್ ಓಸ್ಟ್‌ನಿಂದ ಹೊರಡುವ ರೈಲು ತ್ಸ್ವೈಲ್ಯುಚಿನೆನ್ ಎಂಬಲ್ಲಿ ಎರಡು ತುಂಡಾಗಿ, ಒಂದು ಭಾಗ ಲೌಟರ್‌ಬ್ರುನ್ನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ನಾನು ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಲೌಟರ್‌ಬ್ರುನ್ನೆನ್ ಜಲಪಾತ ನೋಡಲು ಹೊರಟವನು. ಪಕ್ಕದ ಬೆಟ್ಟ ಎಡಕ್ಕೆ ಬರಬೇಕಾದದ್ದು ಬಲಕ್ಕೇಕೆ ಬಂತೆಂದು ಯೋಚಿಸುತ್ತಿರುವಾಗಲೇ ಗ್ರಿಂಡೆಲ್‌ವಾಲ್ಡ್ ಬಂದಿತ್ತು. ಬೋಗಿಯೊಳಗಿನ ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರನ್ನು ಓದಿಯೇ ಕುಳಿತುಕೊಳ್ಳಿ.

ಟಿಕೆಟ್ ಪರಿಶೀಲಕರು ಪಾಸಿನ ಕ್ಯೂಆರ್ ಸಂಕೇತವನ್ನು ನೋಡಿ ಪಾಸ್‌ಪೋರ್ಟನ್ನೂ ಕೇಳುವುದುಂಟು, ಪಾಸ್ ನಿಮ್ಮ ಹೆಸರಿನದ್ದಾದ್ದರಿಂದ ಬೇರೆಯವರು ಬಳಸುವಂತಿಲ್ಲ. ಮೊಬೈಲಿನಲ್ಲಿರುವುದು ಸಾಲದು, ಒಂದು ಪ್ರತಿಯನ್ನು ಮುದ್ರಿಸಿ ಪಾಸ್‌ಪೋರ್ಟಿನೊಳಗೆ ಮಡಚಿಡಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ನಮ್ಮ ದುಂಡು ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ತೆಳ್ಳನೆಯ ಎರಡು ಕಡ್ಡಿಯ ಚಾರ್ಜರ್ ಒಯ್ಯಿರಿ.

ಊಟದ ವಿಷಯದಲ್ಲಿ ನಮ್ಮವರಿಗೊಂದು ಕಿವಿಮಾತು. ನಮ್ಮ ಮನೆಗಳಲ್ಲಿ ಯಾರೇ ದೂರ ಹೊರಟರೂ ಹಂದಿಮಾಂಸದ ಉಪ್ಪಿನಕಾಯಿಯ ಶೀಶೆ ಚೀಲ ಸೇರುತ್ತದೆ. ಯುರೋಪಿನ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯಲು ಅನುಮತಿಯಿಲ್ಲ, ತುಪ್ಪವೂ ಅದರಲ್ಲಿ ಸೇರುತ್ತದೆ. ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ ಸಾಕು. ರೊಟ್ಟಿ, ಚೀಸು, ಹಣ್ಣನ್ನು ನಿಲ್ದಾಣದ ಬಳಿಯ ಅಂಗಡಿಯಲ್ಲಿ ಕೊಂಡು ಬೋಗಿಯಲ್ಲೇ ತಿನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಊರೂರಿನ ಕಾರಂಜಿಗಳ ನೀರು, ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ, ಕುಡಿಯಲು ಯೋಗ್ಯ. ಕಾಫಿಯ ಬೆಲೆಯನ್ನು ಮಾತ್ರ ರೂಪಾಯಿಗೆ ಪರಿವರ್ತಿಸಿ ನೋಡಬೇಡಿ. ತೋಟದಲ್ಲಿ ಕಿಲೋ ಲೆಕ್ಕದಲ್ಲಿ ಮಾರಿದವರಿಗೆ ಒಂದು ಬಟ್ಟಲಿನ ಬೆಲೆ ನುಂಗುವುದು ಕಷ್ಟ.

ದಿನಗಳನ್ನು ಎಣಿಸುವಾಗ ಬರುವ ಮತ್ತು ಹೊರಡುವ ದಿನಗಳನ್ನು ಮರೆಯುವವರೇ ಹೆಚ್ಚು. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದ್ದು, ಅಲ್ಲಿಂದ ಹೊರಡುವ ಮೊದಲ ಪ್ರಯಾಣಕ್ಕೂ ಪಾಸ್ ನಡೆಯುತ್ತದೆ. ಸಂಜೆ ಇಳಿದು ಜ್ಯೂರಿಕ್‌ನಲ್ಲೇ ಮಲಗುವುದಾದರೆ ಆ ಒಂದು ಸಣ್ಣ ಪ್ರಯಾಣಕ್ಕೆ ಬಿಡಿ ಟಿಕೆಟ್ ಕೊಂಡು, ಪಾಸನ್ನು ಮರುದಿನ ಬೆಳಿಗ್ಗೆಯಿಂದ ಆರಂಭಿಸಿ. ನಸುಕಿನಲ್ಲಿ ಇಳಿದು ನೇರವಾಗಿ ಕೂರ್‌ಗೋ ಇಂಟರ್‌ಲಾಕನ್‌ಗೋ ಹೊರಡುವುದಾದರೆ ಅಂದಿನಿಂದಲೇ ಆರಂಭವಾಗುವಂತೆ ತಾರೀಖು ನಮೂದಿಸಿ.